ಒದ್ದೆ ಕಾಲಿನ ಹಸಿರು ಚೀಟಿ

ನನ್ನ ಮೊಮ್ಮಗಳು ಗೀತಾಗೆ ಕೆಲಸ ಸಿಕ್ಕಿದೆ. ಹೊಸಪೇಟೆಯಲ್ಲಿ ನಾನು ಹತ್ತೊಂಬತ್ತು ವರ್ಷ ಆಯಾ ಆಗಿದ್ದ ಸಕ್ಕರೆ ಕಾಯಿಲೆಯ ದವಾಖಾನೆ ಇದೆಯಲ್ಲ, ಅದೇ ದವಾಖಾನೆಯಲ್ಲಿ, ಅದೇ ಕೋಣೆಯಲ್ಲಿ. ನಾನು ಆ ಕೋಣೆಯ ನೆಲ ಒರೆಸುತ್ತಿದ್ದೆ. ಅವಳು ಅಲ್ಲಿ ಟೆಕ್ನಿಷಿಯನ್ ಆಗಿ ಕುರ್ಚಿಯ ಮೇಲೆ ಕೂರುತ್ತಾಳೆ. ಸುದ್ದಿಯನ್ನು ಹಾಲಿನವನಿಗೆ ಹೇಳಿದ್ದೇನೆ, ಗ್ಯಾಸಿನವನಿಗೆ ಹೇಳಿದ್ದೇನೆ, ಕಂಪ್ಲಿ ಬಸ್ಸಿನ ಕಂಡಕ್ಟರಿಗೂ ಹೇಳಿದ್ದೇನೆ. ಅವನು "ಭಾಳ ಚಲೋ ಆತ್ರಿ ಅಮ್ಮಾ, ಟಿಕೆಟ್ ಎಲ್ಲಿಗೆ?" ಎಂದ. ಎಲ್ಲಿಗೂ ಇರಲಿಲ್ಲ. ಸುದ್ದಿ ಹೇಳಲೆಂದೇ ಹತ್ತಿದ್ದೆ. ಮುಂದಿನ ಸ್ಟಾಪಿನಲ್ಲಿ ಇಳಿದೆ.

ಗೀತಾ ಹೇಳಿದಳು, "ಅಜ್ಜಿ, ನಿನಗ ಗೊತ್ತಿದ್ದದ್ದು ಬರದು ಕೊಡು. ನಮ್ಮ ಬ್ಯಾಚಿನ ಹುಡುಗ್ಯಾರು ಓದ್ತಾರ." ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರದ ತಪ್ಪನ್ನು ಅವಳು ತಿದ್ದುತ್ತಾಳಂತೆ, ಉಳಿದ ತಪ್ಪನ್ನು ಹಾಗೇ ಬಿಡುತ್ತಾಳಂತೆ. ಉಳಿದ ತಪ್ಪು ಅಂದರೆ ಹುಲಿಗೆವ್ವನ ಕಾಲಿನದು. ಬಂಡ್ರಿಯ ಕೂಲಿಯವಳು ಹುಲಿಗೆವ್ವ. ನಾನು ನನ್ನ ಕೈಯಾರೆ ಅವಳ ಕಾಲು ತೊಳೆದು, ಆ ಕಾಲನ್ನೇ ಅಪಾಯಕ್ಕೆ ಹಾಕಿದೆ. ಅದನ್ನು ಹೇಳುವ ಮುಂಚೆ ಕೆಲಸ ಏನು ಅನ್ನುವುದನ್ನು ಹೇಳಬೇಕು.

ನಮ್ಮದು ಬೆವರು ನೋಡುವ ಕೆಲಸ. ಗಣಿ ಕಾಲದ ಹೊಸಪೇಟೆ, ಸಂಡೂರಿನಲ್ಲಿ ಬೆವರಿಗೆ ಕೊರತೆ ಇರಲಿಲ್ಲ, ಅದನ್ನು ನೋಡಲು ದವಾಖಾನೆ ಯಾಕೆ ಬೇಕು ಎಂದು ನನ್ನ ಗಂಡನೇ ಕೇಳಿದ್ದರು. ನಮ್ಮ ಡಾಕ್ಟರು ಶಾರದಾ ಮೇಡಂ ನನಗೆ ಹೀಗೆ ತಿಳಿಸಿದ್ದರು: "ಗೌರವ್ವ, ಬೆವರು ತಾನಾಗೇ ಬರೋದಿಲ್ಲ. ಸಣ್ಣ ಸಣ್ಣ ನರ ಹೋಗಿ ಹೇಳಿದರೆ ಬರುತ್ತೆ. ಸಕ್ಕರೆ ಹೆಚ್ಚಾದರೆ ಆ ನರ ಮೊದಲು ಸೊರಗುತ್ತವೆ. ಅಂಗಾಲಿನಲ್ಲಿ ಮೊದಲು, ಅಂಗೈಯಲ್ಲಿ ಆಮೇಲೆ. ಕಾಲು ಬೆವರೋದು ಕಡಿಮೆಯಾದರೆ ನಾವು ಅನುಮಾನ ಪಡಬೇಕು. ರಕ್ತ ನೋಡಿ ಖಾತ್ರಿ ಮಾಡಬೇಕು." ನನಗೆ ಇಷ್ಟೇ ಗೊತ್ತು. ಗೀತಾಗೆ ಇದನ್ನು ಮೂರು ವರ್ಷ ಕಲಿಸಿದ್ದಾರೆ. ಕೇಳಿದರೆ ಅವಳೂ ಇಷ್ಟನ್ನೇ ಹೇಳುತ್ತಾಳೆ, ಇಂಗ್ಲಿಷಿನಲ್ಲಿ. ಅವಳ ಬಾಯಲ್ಲಿ ಚೆನ್ನಾಗಿ ಕೇಳಿಸುತ್ತದೆ.

ಮೊದಲು ಮಷೀನು ಇರಲಿಲ್ಲ. ಕಾಲು ತೊಳೆದು, ಒಣಗಿಸಿ, ಅಯೋಡಿನ್ನಿನ ಕಂದು ಟಿಂಕ್ಚರ್ ಹಚ್ಚಬೇಕು. ಟಿಂಕ್ಚರ್ ಪೂರ್ತಿ ಆರಿದ ಮೇಲೆ ಬಿಳಿ ಗಂಜಿ ಹಿಟ್ಟು ಉದುರಿಸಬೇಕು. ಬೆಚ್ಚಗಿನ ಕೋಣೆಯಲ್ಲಿ ಕೂರಿಸಿದರೆ ಬೆವರು ಬಂದ ಕಡೆಯೆಲ್ಲ ಹಿಟ್ಟು ಮಸಿಯಂತೆ ಕಪ್ಪಾಗುತ್ತದೆ. ಬೆವರದ ಕಡೆ ಬೆಳ್ಳಗೇ ಉಳಿಯುತ್ತದೆ. ಅದನ್ನು ಮೇಡಂ ಕಾಗದದ ಮೇಲೆ ಬರೆದ ಕಾಲಿನ ಚಿತ್ರದಲ್ಲಿ ಗುರುತು ಮಾಡಿಕೊಳ್ಳುತ್ತಿದ್ದರು.

ನಾನು ಸೇರಿದ ಮೊದಲ ವಾರ ಮೆಟ್ರಿಯ ಒಬ್ಬ ಭತ್ತದ ರೈತರು ಬಂದರು. ನಾನು ಟಿಂಕ್ಚರ್ ಹಚ್ಚಿ, ಅದು ಆರುವ ಮುಂಚೆಯೇ ಹಿಟ್ಟು ಸುರಿದೆ. ಎರಡೂ ಕಾಲು ಬೆರಳಿನಿಂದ ಹಿಮ್ಮಡಿಯವರೆಗೆ ಇದ್ದಿಲಿನಂತಾದವು. ಮೇಡಂ ನೋಡಿದರು. "ಗೌರವ್ವ, ಒದ್ದೆ ಇದ್ದರೆ ಎಲ್ಲಾ ಕಾಲೂ ಒಳ್ಳೇ ಕಾಲೇ" ಅಂದರು. ಈ ಮಾತನ್ನು ನೆನಪಿಡಿ. ನಾನು ನೆನಪಿಡಲಿಲ್ಲ. ಆ ರೈತರು ಅದೇ ಕಾಲಿನಲ್ಲಿ ಮೆಟ್ರಿಗೆ ಹೋದರು. ಮರುದಿನ ಅವರ ಹೆಂಡತಿ ಬಂದು, "ನಮ್ಮ ಮನ್ಯಾರು ಚಾಪಿ, ಗಾದಿ ಎಲ್ಲಾ ಕರ್ರಗ ಮಾಡ್ಯಾರ. ಅವ್ರಿಗೆ ಏನ್ ಬ್ಯಾನಿ ಅಂತ ಕೇಳಾಕ ಬಂದಿಲ್ಲ, ಇದು ಯಾವ ಸೋಪಿಗೆ ಹೋಕ್ಕೈತಿ ಹೇಳ್ರಿ" ಎಂದರು. ಯಾವ ಸೋಪಿಗೂ ಹೋಗಲಿಲ್ಲ.

ಆಮೇಲೆ ಮಷೀನು ಬಂತು. ನೆಲದಲ್ಲಿ ಎರಡು ಸ್ಟೀಲ್ ತಗಡು ಕಾಲಿಗೆ, ಮೇಲೆ ಎರಡು ಕೈಗೆ. ಅದರ ಮೇಲೆ ಎರಡು ಮೂರು ನಿಮಿಷ ಅಲ್ಲಾಡದೆ ನಿಂತರೆ ಮಷೀನು ಗೊತ್ತಾಗದಷ್ಟು ಸಣ್ಣ ಕರೆಂಟು ಬಿಟ್ಟು ಕೈಯ ಬೆವರು, ಕಾಲಿನ ಬೆವರು ಬೇರೆ ಬೇರೆ ಲೆಕ್ಕ ಹಾಕಿ ಚೀಟಿ ಕೊಡುತ್ತಿತ್ತು. ಚೀಟಿಯ ಬಣ್ಣ ಕಾಲಿನ ಲೆಕ್ಕದ್ದು. ಹಸಿರು ಬಂದರೆ ಚೆನ್ನ, ಹಳದಿ ಬಂದರೆ ಅನುಮಾನ, ಕಿತ್ತಳೆ ಬಂದರೆ ರಕ್ತ ಪರೀಕ್ಷೆಗೆ ಕರೆಯಬೇಕು. ಸೂಜಿ ಇಲ್ಲ, ಉಪವಾಸ ಇಲ್ಲ. ಮಷೀನು ನಡೆಸಲು ಕೊಟ್ರೇಶಿ ಎನ್ನುವವರು ಬೆಂಗಳೂರಿನಲ್ಲಿ ಮೂರು ದಿನ ಕಲಿತು ಬಂದರು. ಬಂದವರು ನನ್ನನ್ನು ಅದರ ಹತ್ತಿರ ಬಿಡಲಿಲ್ಲ. ಧೂಳು ಒರೆಸಬೇಕಾದಾಗ ಮಾತ್ರ ಬಿಡುತ್ತಿದ್ದರು.

ಆ ದಿನಗಳಲ್ಲಿ ಅದಿರು ಲಾರಿಗಳ ಸಾಹುಕಾರರೊಬ್ಬರು ಬಂದರು. ಅಲ್ಲಾಡದೆ ನಿಲ್ಲಬೇಕು ಎಂದರೆ "ನಿಲ್ತೀನಿ, ಅದರಾಗೇನು" ಎಂದರು. ನಿಂತರು. ಫೋನ್ ಬಂತು. ಕೈ ತೆಗೆದರು. "ಲೇ, ಲೋಡು ಎಲ್ಲಿಗೆ ಬಂತಲೇ? ಮುಂಜಾನಿ ಕೇಳಿದಾಗೂ ದಾಬಾ ಅಂದಿ, ಈಗೂ ದಾಬಾ ಅಂತಿ, ದಾಬಾದಾಗ ಮನಿ ಕಟ್ಟೀಯೇನು?" ಮಷೀನು ಮೊದಲಿನಿಂದ ಶುರುವಾಯಿತು. ಮತ್ತೆ ಫೋನು, ಮತ್ತೆ ಕೈ. ಐದನೇ ಸಲಕ್ಕೆ ಕೊಟ್ರೇಶಿ ನನ್ನನ್ನು ಕರೆದರು. ನಾನು ಸಾಹುಕಾರರ ಪಕ್ಕ ಸ್ಟೂಲಿನ ಮೇಲೆ ನಿಂತು ಫೋನನ್ನು ಅವರ ಕಿವಿಗೆ ಹಿಡಿದೆ. ಅವರು ಭಾರೀ ಎತ್ತರದ ಮನುಷ್ಯರು. ಅವತ್ತಿನ ಗಣಿ ವ್ಯವಹಾರವೆಲ್ಲ ನನ್ನ ಅಂಗೈಯಲ್ಲೇ ನಡೆಯಿತು, ನನಗೆ ಒಂದೂ ತಿಳಿಯಲಿಲ್ಲ. ಸಾಹುಕಾರರಿಗೆ ಕಿತ್ತಳೆ ಬಂತು. "ಈ ಬಣ್ಣ ಬ್ಯಾಡ, ಬ್ಯಾರೇದು ಕೊಡ್ರಿ" ಎಂದರು. ಸೀರೆ ಅಂಗಡಿ ಎಂದುಕೊಂಡಿದ್ದರೋ ಏನೋ. ಮೇಡಂ ರಕ್ತಕ್ಕೆ ಬರೆದುಕೊಟ್ಟರು.

ಈಗ ಬಂಡ್ರಿಗೆ ಬರುತ್ತೇನೆ.

ಮೇಡಂ ಹಳ್ಳಿಗಳಲ್ಲಿ ಶಿಬಿರ ಮಾಡಬೇಕೆಂದರು. ಸೂಜಿ ಇಲ್ಲ ಎಂದು ಗೊತ್ತಾದರೆ ಜನ ಬರುತ್ತಾರೆ, ಮೊದಲು ಬೆವರು ನೋಡೋಣ, ಹಳದಿ ಕಿತ್ತಳೆ ಬಂದವರನ್ನು ಮಾತ್ರ ರಕ್ತಕ್ಕೆ ಕರೆಯೋಣ ಎಂಬುದು ಅವರ ವಿಚಾರ. ಮೊದಲ ಶಿಬಿರ ಸಂಡೂರಿನ ಹತ್ತಿರದ ಒಂದು ಊರಿನಲ್ಲಿ ಆಯಿತು. ಜನ ಅದಿರಿನ ಧೂಳಿನ ಕಾಲಿನಲ್ಲೇ ಹತ್ತಿದರು. ಹತ್ತು ಜನ ಹತ್ತಿಳಿಯುವಷ್ಟರಲ್ಲಿ ಸ್ಟೀಲ್ ತಗಡು ಕಾವಿ ಬಳಿದ ಹೊಸ್ತಿಲಿನಂತಾಯಿತು. ಕೊಟ್ರೇಶಿ ನನ್ನನ್ನು ನೋಡಿ, "ಏನ್ ಆಯಾ, ಬರೇ ನಿಂತು ನೋಡಾಕ ಬಂದೀಯೇನು?" ಎಂದರು. ಅವಮಾನವಾಯಿತು.

ಮುಂದಿನದು ಬಂಡ್ರಿ. ನಾನು ತಯಾರಾಗಿ ಹೋದೆ. ಶಾಲೆಯ ಬಾಗಿಲಲ್ಲಿ ದೊಡ್ಡ ಡ್ರಮ್ಮು ನೀರು, ಎರಡು ಚೊಂಬು, ಕೂರಲು ಒಂದು ಹಲಗೆ ಇಟ್ಟೆ. ನಮ್ಮ ಕಡೆ ಯಾರೇ ಮನೆಗೆ ಬಂದರೂ ಮೊದಲು ಕಾಲಿಗೆ ನೀರು ಕೊಡುವುದು ಪದ್ಧತಿ. ನೀರು ಕೊಡದಿದ್ದರೆ ಬಂದವರು ಬಾಗಿಲಲ್ಲೇ ನಿಂತು ಆ ಕಡೆ ಈ ಕಡೆ ನೋಡುತ್ತಾರೆ. ಆದ್ದರಿಂದ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಬಂದರು, ಕಾಲು ಚಾಚಿದರು. ವಯಸ್ಸಾದವರದನ್ನು ನಾನೇ ತಿಕ್ಕಿ ತೊಳೆದೆ. ಕೆಂಪು ನೀರು ಶಾಲೆಯ ಅಂಗಳ ದಾಟಿ ರಸ್ತೆಗೆ ಹರಿಯಿತು. ಒಳಗೆ ತಗಡು ಸಂಜೆಯವರೆಗೂ ಕನ್ನಡಿಯಂತಿತ್ತು. ಕೊಟ್ರೇಶಿ ಮೊದಲ ಸಲ "ಭಲೇ ಆಯಾ" ಎಂದರು.

ಹುಲಿಗೆವ್ವ ಮಧ್ಯಾಹ್ನ ಬಂದಳು. ಐವತ್ತರ ಹೆಂಗಸು, ಗುಂಡಿಯಲ್ಲಿ ಅದಿರು ಆರಿಸುವ ಕೂಲಿ. ಪಾದದ ಗಂಟಿನವರೆಗೂ ಕೆಂಪು. ನಾನು ತಿಕ್ಕುವಾಗ ಕೇಳಿದಳು:

"ಏನವ್ವ, ಇದು ಬೆವರು ನೋಡೂ ಮಷೀನಂತ?"

"ಹೂಂ."

"ಹಂಗಾದ್ರ ನನ್ನ ಕಾಲಾಗ ಏನೂ ಸಿಗೂದಿಲ್ಲ ತಗಿ. ಎರಡು ವರ್ಷ ಆತು, ಕಾಲು ಬೆವ್ರೂದ ಬಿಟ್ಟಾವ. ಚಪ್ಪಲಿ ಜಾರೂದಿಲ್ಲ, ಅಗದೀ ಆರಾಮ."

ನಕ್ಕೆವು. ಅವಳು ಒದ್ದೆ ಕಾಲಿನಲ್ಲಿ ಒಳಗೆ ಹೋದಳು, ತಗಡಿನ ಮೇಲೆ ನಿಂತಳು, ಹಸಿರು ಚೀಟಿ ತಂದಳು. ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಹೊಸಪೇಟೆಗೆ ಬರುವಾಗ ಜೀಪಿನಲ್ಲಿ ಕೊಟ್ರೇಶಿ ಚೀಟಿಗಳ ಪ್ರತಿ ಎಣಿಸುತ್ತ, "ಬಂಡ್ರಿ ಮಂದಿ ಕಾಲು ಮಸ್ತ್ ಅದಾವ. ಎಲ್ಲಾ ಹಸಿರು" ಎಂದರು. ಸಂಡೂರಿನ ಗುಡ್ಡ ದಾಟುವ ಮೊದಲೇ ನನಗೆ ಹೊಳೆಯಿತು. ಬೆವರದ ಕಾಲಿಗೆ ಹಸಿರು ಹೇಗೆ ಬಂತು? ಮೆಟ್ರಿಯ ರೈತರ ಇದ್ದಿಲು ಕಾಲು ಕಣ್ಣ ಮುಂದೆ ಬಂತು. ಒದ್ದೆ ಇದ್ದರೆ ಎಲ್ಲಾ ಕಾಲೂ ಒಳ್ಳೇ ಕಾಲೇ. ಅದರಲ್ಲೂ ಅದು ಬೋರಿನ ಉಪ್ಪು ನೀರು, ಮಷೀನಿಗೆ ಬೆವರಿನಂತೆಯೇ.

ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗ ಗೀತಾ ಪಕ್ಕದಲ್ಲೇ ಕೂತಿದ್ದಾಳೆ, ಆದ್ದರಿಂದ ಬೇರೆ ರೀತಿ ಬರೆಯಲು ಆಗುವುದಿಲ್ಲ. ಭಲೇ ಅನ್ನಿಸಿಕೊಂಡ ದಿನವೇ ತಪ್ಪು ನನ್ನದು ಎಂದು ಹೇಳಲು ಮನಸ್ಸು ಬರಲಿಲ್ಲ.

ಮರುದಿನ ಮೇಡಂ ಚೀಟಿಗಳನ್ನು ಟೇಬಲ್ಲಿನ ಮೇಲೆ ಹರಡಿದರು. "ಕೊಟ್ರೇಶಿ, ಕೆಡೋದಾದರೆ ಕಾಲು ಮೊದಲು ಕೆಡುತ್ತೆ. ಇಲ್ಲಿ ಕೆಲವರ ಕೈ ಕಡಿಮೆ ಇದೆ, ಕಾಲು ಮಾತ್ರ ಚೆನ್ನಾಗಿದೆ. ಇದು ಹೇಗೆ?" ಕೊಟ್ರೇಶಿಗೆ ಗೊತ್ತಿರಲಿಲ್ಲ. ನೀವು ಮಷೀನು ಸರಿಯಾಗಿ ಇಟ್ಟಿಲ್ಲ ಎಂದು ಬೈಸಿಕೊಂಡರು. ಎರಡನೇ ದಿನ ಮಷೀನು ಬಿಚ್ಚಿ ಜೋಡಿಸಿದರು. ಮೂರನೇ ದಿನ ಕಂಪನಿಗೆ ಫೋನ್ ಮಾಡಿದರು. ನಾಲ್ಕನೇ ದಿನ ಕಂಪನಿಯವರು ಮಷೀನು ವಾಪಸ್ ಒಯ್ಯುತ್ತೇವೆ ಎಂದರು. ಮಷೀನು ಹೋದರೆ ಕೊಟ್ರೇಶಿಗೂ ಅಲ್ಲಿ ಕೆಲಸವಿಲ್ಲ. ಅವರು ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಕೈಯಲ್ಲಿ ಬೆಂಗಳೂರಿನ ಸರ್ಟಿಫಿಕೇಟು ಇತ್ತು. ಅದನ್ನು ಯಾರೂ ಕೇಳಿರಲಿಲ್ಲ.

ನಾನು ಬಕೆಟ್ ಕೆಳಗಿಟ್ಟು ಮೇಡಂ ಕೋಣೆಗೆ ಹೋದೆ. ಡ್ರಮ್ಮು, ಚೊಂಬು, ಹಲಗೆ ಎಲ್ಲಾ ಹೇಳಿದೆ. ಮೇಡಂ ಪೆನ್ನು ಕೆಳಗಿಟ್ಟರು.

"ಎಷ್ಟು ಜನರ ಕಾಲು ತೊಳೆಸಿದೆ?"

"ಎಲ್ಲಾರ್ದೂರಿ."

"ಒರೆಸಿದೆಯಾ?"

"ಇಲ್ರಿ. ಬಂದವ್ರಿಗೆ ಕಾಲಿಗೆ ನೀರು ಕೊಡೂದು ಗೊತ್ತೈತ್ರಿ. ಟವೆಲ್ ಕೊಡೂದು ನಮ್ಮನ್ಯಾಗೂ ಇಲ್ಲ."

ಮೇಡಂ ಬೈಯಲಿಲ್ಲ. ಬಂಡ್ರಿಯಲ್ಲಿ ಮತ್ತೆ ಶಿಬಿರ ಮಾಡಬೇಕು, ಅದಕ್ಕೆ ಹತ್ತು ದಿನ ಹಿಡಿಯುತ್ತದೆ ಎಂದರು. ಹುಲಿಗೆವ್ವನ ಮಾತು ನನ್ನ ಕಿವಿಯಲ್ಲೇ ಇತ್ತು. "ಹತ್ತು ದಿನ ಕಾಯಾಕ ಆಗೂದಿಲ್ರಿ ಮೇಡಂ, ಒಬ್ಬಾಕಿ ಅದಾಳ" ಎಂದು ರಜೆ ಕೇಳಿದೆ. ಮೇಡಂ ರಜೆ ಕೊಡಲಿಲ್ಲ, "ಡ್ಯೂಟಿ ಅಂತಲೇ ಹೋಗು" ಎಂದರು. ನಾನು ಹಳೆಯ ಟಿಂಕ್ಚರ್ ಬಾಟಲಿ, ಹಿಟ್ಟಿನ ಡಬ್ಬಿ, ನಾಲ್ಕು ಟವೆಲ್ ಚೀಲಕ್ಕೆ ಹಾಕಿಕೊಂಡು ಸಂಡೂರು ಬಸ್ಸು ಹತ್ತಿದೆ. ಅಲ್ಲಿಂದ ಬಂಡ್ರಿಗೆ ಇನ್ನೊಂದು ಬಸ್ಸು. ಅವತ್ತು ಕಂಡಕ್ಟರಿಗೆ ಏನೂ ಹೇಳಲಿಲ್ಲ.

ಹುಲಿಗೆವ್ವ ಮನೆಯಲ್ಲೇ ಇದ್ದಳು, ಊಟಕ್ಕೆ ಬಂದಿದ್ದಳು. ಗೋಡೆಯ ಮೇಲೆ ದೇವರ ಫೋಟೋಗಳ ಸಾಲಿನಲ್ಲಿ ಹಸಿರು ಚೀಟಿ ಇತ್ತು. ಸಂಡೂರಿಗೆ ಹೋಗಿ ಲ್ಯಾಮಿನೇಷನ್ ಮಾಡಿಸಿ ಮೊಳೆ ಹೊಡೆದು ತೂಗು ಹಾಕಿದ್ದಳು. ಅದಕ್ಕೂ ಕುಂಕುಮ ಬಿದ್ದಿತ್ತು. ಕೆಳಗೆ ನೋಡಿದೆ. ಬಲಗಾಲಿನ ಕಿರುಬೆರಳಿಗೆ ಬಟ್ಟೆ ಸುತ್ತಿತ್ತು, ಬಟ್ಟೆ ಒದ್ದೆಯಾಗಿತ್ತು, ವಾಸನೆ ಬರುತ್ತಿತ್ತು.

"ಇದೇನು?"

"ಅದಿರಿನ ಕಲ್ಲು ಬಡದೈತಿ. ಮಷೀನ್ ನೋಡಿದ ಮರುದಿನ."

"ನೋವಿಲ್ಲೇನು?"

"ಒಂದೀಟೂ ಇಲ್ಲ. ನೋವ ಇಲ್ಲ ಅಂದ್ಮ್ಯಾಲ ಏನ್ ಗಾಯ ಅದು."

"ಎದ್ದೇಳು, ಹೊಸಪ್ಯಾಟಿ ದವಾಖಾನಿಗೆ ಹೋಗೂಣು."

"ಯಾಕ? ಹಸಿರು ಐತಲ್ಲ, ಅಲ್ಲಿ ನೋಡು. ಕಾಲು ಚಲೋ ಅದಾವ ಅಂತ ನೀವ ಬರದು ಕೊಟ್ಟೀರಿ. ಈಗ ನೀವ ಬಂದು ಎದ್ದೇಳು ಅಂದ್ರ, ಯಾರ ಮಾತು ಕೇಳ್ಲಿ? ನಾಳೆ ಗುಂಡಿಗೆ ಹೋಗದಿದ್ರ ಮೇಸ್ತ್ರಿ ನನ್ನ ಜಾಗಾಕ್ಕ ಬ್ಯಾರೇದಾಕಿನ್ನ ಹಚ್ತಾನ."

ಚೀಟಿ ತಪ್ಪು ಎಂದೆ. ನಂಬಲಿಲ್ಲ. ಲ್ಯಾಮಿನೇಷನ್ ಆದ ಕಾಗದದ ಮುಂದೆ ನನ್ನ ಬಾಯಿಮಾತಿಗೆ ಏನು ಬೆಲೆ. ಆಗ ಚೀಲ ಬಿಚ್ಚಿದೆ. ಪಕ್ಕದ ಮನೆಯ ಈರವ್ವನನ್ನು ಕರೆದು ಇಬ್ಬರನ್ನೂ ಕಟ್ಟೆಯ ಮೇಲೆ ಜೊತೆಯಾಗಿ ಕೂರಿಸಿದೆ. ಹುಲಿಗೆವ್ವನ ಗಾಯವಿಲ್ಲದ ಎಡಗಾಲು, ಈರವ್ವನ ಎಡಗಾಲು, ನನ್ನದೂ ಒಂದು. ತೊಳೆದೆ, ಒರೆಸಿದೆ, ಬೆರಳಿನ ಸಂದಿಯನ್ನೂ ಒರೆಸಿದೆ, ಟಿಂಕ್ಚರ್ ಹಚ್ಚಿದೆ. ಈ ಸಲ ಆರಲು ಬಿಟ್ಟೆ. ಮುಟ್ಟಿ ನೋಡಿ ಇನ್ನೂ ಬಿಟ್ಟೆ. ಈರವ್ವ, "ನನಗ ಒಲಿ ಮ್ಯಾಲ ಸಾರು ಐತಿ" ಎಂದಳು. "ಇರಲಿ" ಎಂದೆ. ಮೇಲೆ ತಗಡಿನ ಚಪ್ಪರ, ಬೇಸಿಗೆಯ ಮಧ್ಯಾಹ್ನ. ಬೆಚ್ಚಗಿನ ಕೋಣೆ ಬೇಕಾಗಲಿಲ್ಲ.

ಹಿಟ್ಟು ಉದುರಿಸಿದೆ. ಈರವ್ವನ ಅಂಗಾಲಿನಲ್ಲಿ ಮೊದಲು ಚುಕ್ಕಿ ಚುಕ್ಕಿ, ಆಮೇಲೆ ಪೂರ್ತಿ ಕಪ್ಪು. ನನ್ನದೂ ಹಾಗೆಯೇ. ಹುಲಿಗೆವ್ವನ ಕಾಲು ಹಿಟ್ಟು ಹಚ್ಚಿದ ಹಾಗೇ ಬೆಳ್ಳಗೆ ಕೂತಿತ್ತು. ಕಾದೆವು. ಬೆಳ್ಳಗೇ ಇತ್ತು.

"ನನಗ ಹಾಕಿದ್ದು ಹಿಟ್ಟು ಬ್ಯಾರೆ ಐತೇನು?" ಎಂದಳು.

ಡಬ್ಬಿ ಅವಳ ಕೈಗೇ ಕೊಟ್ಟೆ. ಅವಳೇ ಈರವ್ವನ ಕಾಲಿಗೆ ಒಂದು ಚಿಟಿಕೆ ಹಾಕಿದಳು, ಕಪ್ಪಾಯಿತು. ತನ್ನ ಕಾಲಿಗೆ ಒಂದು ಹಿಡಿ ಹಾಕಿದಳು, ಏನೂ ಆಗಲಿಲ್ಲ. ಈರವ್ವನ ಸಾರು ಸೀದ ವಾಸನೆ ಬಂತು, ಅವಳು ಏಳಲಿಲ್ಲ. ಹುಲಿಗೆವ್ವ ಎದ್ದು ಹೋಗಿ ಗೋಡೆಯ ಚೀಟಿ ಬಿಚ್ಚಿಕೊಂಡು ಬಂದಳು.

"ಇದನ್ನ ಯಾರು ಕೊಟ್ಟಿದ್ದು?"

"ಮಷೀನು."

"ಮಷೀನಿಗೆ ಸುಳ್ಳು ಹೇಳಾಕ ಕಲಿಸಿದವ್ರು ಯಾರು?"

"ನಾನು. ನಿನ್ನ ಕಾಲು ಒರಸ್ಲಿಲ್ಲ. ಅದು ನೀರು ನೋಡಿ ಬೆವರು ಅಂತು."

"ಯಾವಾಗ ಗೊತ್ತಾತು ನಿನಗ?"

"ಅವತ್ತ, ಜೀಪಿನಾಗ."

ಅವಳು ನನ್ನನ್ನು ನೋಡಿದಳು. ಅಷ್ಟು ಹೊತ್ತು ನನ್ನನ್ನು ಯಾರೂ ನೋಡಿರಲಿಲ್ಲ, ಹೆಣ್ಣು ನೋಡಲು ಬಂದಾಗಲೂ. ಆಮೇಲೆ ಹೇಳಿದಳು, "ನನ್ನ ಚಪ್ಪಲಿ ಆ ಕಡೆ ಅದಾವ, ತಗೊಂಡು ಬಾ." ತಂದೆ.

ಸಂಜೆಗೆ ಹೊಸಪೇಟೆ ಸೇರಿದೆವು. ರಕ್ತದಲ್ಲಿ ಸಕ್ಕರೆ ಬಹಳ ಇತ್ತು. ಮೇಡಂ ಕಾಲಿನ ಬಟ್ಟೆ ಬಿಚ್ಚಿ ನೋಡಿ, ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ, ಅವಳ ಜೊತೆ ತಾವೇ ಹೋದರು. ಕಿರುಬೆರಳು ಹೋಯಿತು. ಪಾದ ಉಳಿಯಿತು. ಇನ್ನೊಂದು ವಾರ ಆ ಹಸಿರು ಚೀಟಿ ನಂಬಿಕೊಂಡು ಗುಂಡಿಯಲ್ಲಿ ನಡೆದಾಡಿದ್ದರೆ ಪಾದದ ಮಾತೂ ಹೇಳಲು ಬರುತ್ತಿರಲಿಲ್ಲ ಎಂದು ಆಮೇಲೆ ಮೇಡಂ ಹೇಳಿದರು.

ನಾನು ಕೇಳಿದೆ, "ಮೇಡಂ, ಆ ನಾಲ್ಕು ದಿನ ಮುಂಚೆ ನಾನು ಹೇಳಿದ್ರ ಬೆರಳೂ ಉಳೀತಿತ್ತೇನ್ರಿ?"

"ಗೊತ್ತಿಲ್ಲ ಗೌರವ್ವ" ಎಂದರು. ಸಮಾಧಾನಕ್ಕೂ ಒಂದು ಮಾತು ಸೇರಿಸಲಿಲ್ಲ. ಅವರ ಹತ್ತಿರ ಅಷ್ಟು ವರ್ಷ ಇದ್ದದ್ದು ಇದಕ್ಕೇ.

ಬಂಡ್ರಿಯಲ್ಲಿ ಶಿಬಿರ ಮತ್ತೆ ನಡೆಯಿತು. ಬಾಗಿಲಲ್ಲಿ ಡ್ರಮ್ಮು ಇತ್ತು, ಪಕ್ಕದಲ್ಲಿ ಟವೆಲ್ಲಿನ ಗಂಟು ಇತ್ತು, ಆಚೆ ಒಂದು ಉದ್ದ ಬೆಂಚು. ತೊಳೆದು, ಒರೆಸಿ, ಬೆಂಚಿನ ಮೇಲೆ ಕಾಲು ಚಾಚಿ ಕೂತು, ನಾನು ಮುಟ್ಟಿ ನೋಡಿ ಹೂಂ ಅಂದ ಮೇಲೆ ಒಳಗೆ. ಜನ ಗೊಣಗಿದರು. "ಬಾಣಂತಿಗೂ ಇಷ್ಟು ಒರಸೂದಿಲ್ಲ ಬಿಡವ್ವ" ಎಂದರು. ಈ ಸಲ ಕೆಲವು ಚೀಟಿಗಳು ಬಣ್ಣ ಬದಲಾಯಿಸಿದವು. ಅವರನ್ನು ರಕ್ತಕ್ಕೆ ಕರೆದೆವು. ಕೊಟ್ರೇಶಿ ಆಮೇಲೆ ಪ್ರತಿ ಸಲವೂ ಮಷೀನು ಹಚ್ಚುವ ಮುಂಚೆ ಹೊರಗೆ ಬಂದು, "ಟವೆಲ್ ಆಯಾ, ಚಾಲೂ ಮಾಡ್ಲೇನು?" ಎಂದು ಕೇಳುತ್ತಿದ್ದರು. ಅದು ಹೆಸರಾಗಿಯೇ ಉಳಿಯಿತು.

ಹುಲಿಗೆವ್ವ ಗುಂಡಿಯ ಕೆಲಸ ಬಿಟ್ಟು ಸಂಡೂರು ರಸ್ತೆಯಲ್ಲಿ ಮಿರ್ಚಿ ಬಜ್ಜಿ ಹಾಕಲು ಕೂತಳು. ವರ್ಷಕ್ಕೊಮ್ಮೆ ಕಾಲು ತೋರಿಸಲು ಬರುತ್ತಿದ್ದಳು. ಬಂದಾಗಲೆಲ್ಲ ನನಗೆ ಬಜ್ಜಿ ತರುತ್ತಿದ್ದಳು, ಕೊಡುವಾಗ "ತಗೋ, ಒರಸೀನಿ" ಎನ್ನುತ್ತಿದ್ದಳು. ನಾನು ನಿವೃತ್ತಿಯಾದ ದಿನ ಆ ಲ್ಯಾಮಿನೇಷನ್ ಚೀಟಿ ತಂದುಕೊಟ್ಟಳು. ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಹೋದ ತಿಂಗಳು ಅದನ್ನೂ ಆರು ಹೊಸ ಟವೆಲ್ಲನ್ನೂ ಗೀತಾಗೆ ಕೊಟ್ಟೆ. ಚೀಟಿಯ ಮೇಲಿನ ಕುಂಕುಮ ಇನ್ನೂ ಹೋಗಿಲ್ಲ.

ಹೋದ ಸೋಮವಾರ ಹುಲಿಗೆವ್ವನ ವರ್ಷದ ತಪಾಸಣೆ ಇತ್ತು. ನಾನೂ ಆ ಹೊತ್ತಿಗೆ ದವಾಖಾನೆಯ ಕಡೆ ಹೋಗಿದ್ದೆ. ಗೀತಾ ಸೇರಿದಾಗಿನಿಂದ ನನಗೆ ದಿನಾ ಆ ಕಡೆ ಏನಾದರೂ ಕೆಲಸ ಇರುತ್ತದೆ. ಬಾಗಿಲ ಹತ್ತಿರ ನಿಂತು ನೋಡಿದೆ. ಬಿಳಿ ಕೋಟು ಹಾಕಿಕೊಂಡ ನನ್ನ ಮೊಮ್ಮಗಳು ನೆಲದಲ್ಲಿ ಕೂತು ಹುಲಿಗೆವ್ವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಕುರ್ಚಿ ಖಾಲಿ ಇತ್ತು. ಹಿಮ್ಮಡಿ ಒರೆಸಿದಳು, ಅಂಗಾಲು ಒರೆಸಿದಳು, ಬೆರಳಿನ ಸಂದಿ ಒಂದೊಂದಾಗಿ ಒರೆಸಿದಳು. ಕಿರುಬೆರಳಿನ ಜಾಗಕ್ಕೆ ಬಂದು ಟವೆಲ್ ನಿಂತಿತು.

"ಅಲ್ಲೇನೂ ಇಲ್ಲ ಬಿಡವ್ವ" ಎಂದಳು ಹುಲಿಗೆವ್ವ. "ಅದನ್ನ ನಿಮ್ಮಜ್ಜಿ ಒರಸ್ಯಾಳ."

ನಾನು ಬಾಗಿಲಲ್ಲಿದ್ದದ್ದು ಅವಳಿಗೆ ಗೊತ್ತಿತ್ತು.

ಗೀತಾ ಟವೆಲ್ಲಿನ ಒಣಗಿದ ಬದಿಯನ್ನು ಹೊರಳಿಸಿಕೊಂಡು ಆ ಖಾಲಿ ಜಾಗವನ್ನೂ ಒರೆಸಿದಳು, ಬೆರಳಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತು. ಆಮೇಲೆ ಅಂಗೈಯಿಂದ ಮುಟ್ಟಿ ನೋಡಿ "ಹೂಂ, ಏಳ್ರಿ ಅಮ್ಮಾ" ಎಂದಳು.